ಆಲೆಮನೆಯಲ್ಲಿ ಕಲಿತ ಒಳ್ಳೆಯತನ

ಒಳ್ಳೆಯ ಬಾಳು ಬಾಳೋದು ಹೇಗೆ ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ: ನಿಮ್ಮ ಕಸುಬು ಯಾವುದು? ದಿನಾ ಕೈ ಹಾಕುವ ಕೆಲಸದಲ್ಲೇ ಮನುಷ್ಯನ ಗುಣ ಬೆಳೆಯುತ್ತದೆ ಅಂತ ನಾನು ನಂಬಿದ್ದೇನೆ. ನನ್ನದು ಆಲೆಮನೆ. ಮಂಡ್ಯದ ಹತ್ತಿರ, ವಿಶ್ವೇಶ್ವರಯ್ಯ (ವಿ.ಸಿ.) ನಾಲೆಯ ನೀರಲ್ಲಿ ಬೆಳೆದ ಕಬ್ಬು ಅರೆದು ಬೆಲ್ಲ ಮಾಡುತ್ತೇನೆ. ಅದಕ್ಕೂ ಮೊದಲು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ತತ್ವಶಾಸ್ತ್ರ ಓದಿದೆ. ರಾಧಾಕೃಷ್ಣನ್ 1918ರಿಂದ 1921ರವರೆಗೆ ಪಾಠ ಮಾಡಿದ ಕಾಲೇಜು ಅದು.

ಅಲ್ಲಿ ಓದಿದ್ದರಲ್ಲಿ ಆಲೆಮನೆವರೆಗೂ ನನ್ನ ಜೊತೆ ಬಂದದ್ದು ಅರಿಸ್ಟಾಟಲ್. ಕ್ರಿ.ಪೂ. 384ರಲ್ಲಿ ಗ್ರೀಸ್ ಕಡೆ ಹುಟ್ಟಿದವನ ಮಾತು ಮಂಡ್ಯದ ಬೆಲ್ಲಕ್ಕೆ ಯಾಕೆ ಬೇಕು ಅನ್ನಿಸಬಹುದು. ನಿಕೊಮೇಕಿಯನ್ ಎಥಿಕ್ಸ್ ಅನ್ನುವ ತನ್ನ ಪುಸ್ತಕದ ಎರಡನೇ ಭಾಗದಲ್ಲಿ ಅವನು ಹೇಳುವುದು ಬಹಳ ಸರಳ. ಮನೆ ಕಟ್ಟಿ ಕಟ್ಟಿಯೇ ಮನೆ ಕಟ್ಟೋದು ಕಲಿಯುತ್ತೇವೆ. ನ್ಯಾಯದ ಕೆಲಸ ಮಾಡಿ ಮಾಡಿಯೇ ನ್ಯಾಯವಂತರಾಗುತ್ತೇವೆ. ಗುಣ ಹುಟ್ಟಿನಿಂದ ಬರೋದಲ್ಲ, ಬರೀ ಓದಿನಿಂದಲೂ ಬರೋದಲ್ಲ. ಹಾಗಾದರೆ ಮಾಡಿ ನೋಡಬೇಕು, ಅಲ್ವಾ?

ನಾನು ಮೊದಲು ಹಿಡಿದುಕೊಂಡದ್ದು ಹೈಡ್ರೋಸ್ ಹಾಕದಿರುವುದನ್ನು. ಸೋಡಿಯಂ ಹೈಡ್ರೋಸಲ್ಫೈಟ್ ಅನ್ನುವ ಬಿಳಿ ಪುಡಿಗೆ ಆಲೆಮನೆಯವರು ಇಟ್ಟ ಹೆಸರು ಅದು. ಕುದಿಯುವ ಪಾಕಕ್ಕೆ ಇಷ್ಟು ಎರಚಿದರೆ ಕಂದು ಬಣ್ಣ ಹೋಗಿ ಹಳದಿ ಹೊಳಪು ಬರುತ್ತದೆ. ಮಾರುಕಟ್ಟೆಯಲ್ಲಿ ಆ ಹಳದಿಗೇ ಬೆಲೆ ಜಾಸ್ತಿ. ಆದರೆ ಅದರ ಗಂಧಕದ ಅಂಶ ಬೆಲ್ಲದಲ್ಲೇ ಉಳಿಯುತ್ತದೆ. ಬೆಲ್ಲದಲ್ಲಿ ಈ ಗಂಧಕದ ಅಂಶ (ಸಲ್ಫರ್ ಡೈಆಕ್ಸೈಡ್) 70 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿನಲ್ಲಿ 70 ಪಾಲು, ದಾಟಬಾರದು ಅಂತ ನಿಯಮವಿದೆ. ಕೈಯಳತೆಯಲ್ಲಿ ಎರಚುವವನಿಗೆ ಪಿಪಿಎಂ ಲೆಕ್ಕ ಎಲ್ಲಿಂದ ಬರಬೇಕು? ಮಗುವಿಗೆ ಬೆಲ್ಲ ಕೊಡುವ ತಾಯಿಯ ಕಣ್ಣಿಗೂ ಅದು ಕಾಣುವುದಿಲ್ಲ. ಯಾರೂ ನೋಡದ ಜಾಗ ಇದು. ಅದಕ್ಕೇ ಇಲ್ಲಿಂದ ಶುರು ಮಾಡಿದೆ.

ಬಿಟ್ಟುಬಿಡುತ್ತೇನೆ ಅಂತ ಸುಮ್ನೆ ಅಂದುಕೊಂಡರೆ ಸಾಲದು. ಬಿಟ್ಟದ್ದರ ಬದಲಿಗೆ ಕೈಗೆ ಬೇರೆ ಕೆಲಸ ಕೊಡಬೇಕು. ನನಗೆ ಸಿಕ್ಕಿದ್ದು ಬೆಂಡೆ ಗಿಡ. ಹಸಿ ಕಾಂಡವನ್ನು ಜಜ್ಜಿ, ನೀರಲ್ಲಿ ನೆನೆಸಿ, ಕಿವುಚಿದರೆ ಲೋಳೆ ಬಿಡುತ್ತದೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕಾಯುತ್ತಾ ಬಂದಾಗ, ಕುದಿ ಬರುವ ಮೊದಲೇ ಅದನ್ನು ಸುರಿಯಬೇಕು. ಕೊಳೆಯೆಲ್ಲ ಲೋಳೆಗೆ ಅಂಟಿ ಮಡ್ಡಿಯಾಗಿ ಮೇಲೆ ತೇಲುತ್ತದೆ. ಆಗ ಜರಡಿ ಹಿಡಿದು ನಿಲ್ಲಬೇಕು. ಮುಖಕ್ಕೆ ಆವಿ ಹೊಡೆಯುತ್ತದೆ, ಬೆನ್ನು ನೋಯುತ್ತದೆ. ಆದರೂ ಮಡ್ಡಿ ಪೂರ್ತಿ ಹೋಗುವ ತನಕ ಕದಲುವಂತಿಲ್ಲ. ಆಮೇಲೆ ನೊರೆ ಉಕ್ಕಿದಾಗ ಎರಡು ತೊಟ್ಟು ಹರಳೆಣ್ಣೆ. ಹೈಡ್ರೋಸ್ ಹಾಕುವವನಿಗೆ ಇಷ್ಟು ಹೊತ್ತು ನಿಲ್ಲುವ ಅಗತ್ಯವೇ ಬರುವುದಿಲ್ಲ. ಸತ್ಯದ ಬೆಲ್ಲ ಮಾಡಲು ಹೊರಟ ನನಗೆ ತಾಳ್ಮೆ ಬಂದದ್ದು ಹೀಗೆ. ಒಂದು ಗುಣವನ್ನು ಗಟ್ಟಿಯಾಗಿ ಹಿಡಿದರೆ ಇನ್ನೊಂದು ಅದರ ಬೆನ್ನಿಗೇ ಬರುತ್ತದೆ.

ಅತಿ ಆಗಬಾರದು, ಕಮ್ಮಿಯೂ ಆಗಬಾರದು ಅನ್ನುವ ಅರಿಸ್ಟಾಟಲ್ ಮಾತು ಕಾಲೇಜಿನಲ್ಲಿ ನನಗೆ ಸಪ್ಪೆ ಅನ್ನಿಸುತ್ತಿತ್ತು. ಎಲ್ಲದರಲ್ಲೂ ಮಧ್ಯೆ ನಿಲ್ಲು ಅಂದ ಹಾಗೆ ಕೇಳುತ್ತಿತ್ತು. ಅದರ ಅರ್ಥ ತಿಳಿದದ್ದು ಸುಣ್ಣ ಹಾಕುವಾಗ. ಕಬ್ಬಿನ ಹಾಲು ಸ್ವಲ್ಪ ಹುಳಿ. ಆ ಹುಳಿ ಮುರಿಯಲು ಸುಣ್ಣದ ತಿಳಿ ಹಾಕುತ್ತೇವೆ. ಕಮ್ಮಿಯಾದರೆ ಬೆಲ್ಲ ಗಟ್ಟಿ ಕಟ್ಟುವುದಿಲ್ಲ. ಜಾಸ್ತಿಯಾದರೆ ಕಪ್ಪಾಗುತ್ತದೆ. ಆದರೆ ಇಷ್ಟೇ ಹಾಕಿ ಅಂತ ಗೋಡೆ ಮೇಲೆ ಬರೆದಿಡಲು ಆಗುವುದಿಲ್ಲ. ಬೆಳಿಗ್ಗೆ ಕಡಿದು ತಂದ ಕಬ್ಬಿಗೆ ಒಂದು ಅಳತೆ, ಕಡಿದು ಬಿಸಿಲಲ್ಲಿ ಬಿದ್ದ ಕಬ್ಬಿಗೆ ಇನ್ನೊಂದು. ಗುಣದ ಹದವೂ ಹೀಗೇ. ಅರಿಸ್ಟಾಟಲ್ ಇದಕ್ಕೆ ಮಿಲೋ ಎಂಬ ಪೈಲ್ವಾನನ ಊಟವನ್ನು ಉದಾಹರಣೆ ಕೊಡುತ್ತಾನೆ. ಹತ್ತು ಅಳತೆ ಜಾಸ್ತಿ, ಎರಡು ಅಳತೆ ಕಮ್ಮಿ ಅಂದಮಾತ್ರಕ್ಕೆ ಎಲ್ಲರಿಗೂ ಆರು ಬಡಿಸಲಾಗದು. ಮಿಲೋಗೆ ಆರು ಸಾಲದು, ಹೊಸದಾಗಿ ಕಲಿಯುವವನಿಗೆ ಅದೇ ಆರು ಭಾರ. ಮೈಸೂರಿನ ಗರಡಿ ಮನೆಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅವನ ಇನ್ನೊಂದು ಸಲಹೆ ನನಗೆ ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬಂತು. ನಿನ್ನ ಮನಸ್ಸು ಯಾವ ಕಡೆ ವಾಲುತ್ತದೆ ನೋಡಿಕೋ, ಅದರ ಎದುರು ದಿಕ್ಕಿಗೆ ನಿನ್ನನ್ನು ಎಳೆದುಕೋ ಅನ್ನುತ್ತಾನೆ. ನನ್ನದು ಕೈ ಬಿಗಿ ಹಿಡಿಯುವ ಸ್ವಭಾವ. ಹಾಗಾಗಿ ದುಡ್ಡಿನ ವಿಷಯದಲ್ಲಿ ಬೇಕೆಂದೇ ಒಂದು ಹೆಜ್ಜೆ ಕೈ ಬಿಚ್ಚುವ ಕಡೆ ಇಡುತ್ತೇನೆ. ಬಟವಾಡೆ ದಿನ ಆಳುಗಳ ಲೆಕ್ಕ ಮುಗಿಯದೆ ನನ್ನ ಲೆಕ್ಕದ ಪುಸ್ತಕ ತೆಗೆಯುವುದಿಲ್ಲ. ರೈತರು ತಂದ ಕಬ್ಬಿಗೆ ತರಗು, ಮಣ್ಣು ಅಂತ ತೂಕ ಕಳೆಯುವಾಗ ಅವರನ್ನು ಪಕ್ಕದಲ್ಲೇ ನಿಲ್ಲಿಸಿಕೊಳ್ಳುತ್ತೇನೆ. ಸಂಶಯ ಬಂದರೆ ಲಾಭ ಅವರಿಗೆ. ಆಲೆಮನೆಗೆ ಬಂದವರನ್ನು ಕಬ್ಬಿನ ಹಾಲು, ಬಿಸಿ ಬೆಲ್ಲ ಕೊಡದೆ ಕಳಿಸಬಾರದು ಅಂತ ನಮ್ಮ ಕಡೆ ಹಿಂದಿನಿಂದ ಬಂದ ಪದ್ಧತಿ. ಉದಾರತೆ ಕಲಿಸಲು ಹಿರಿಯರು ಎಷ್ಟು ಚಂದದ ದಾರಿ ಮಾಡಿಟ್ಟಿದ್ದಾರೆ! ಶಾಲೆ ಬಿಟ್ಟ ಮಕ್ಕಳು ಕಬ್ಬಿನ ಜಲ್ಲೆ ಹಿಡಿದು ಬಂದು, ಅದರ ತುದಿಗೆ ಬಿಸಿ ಬೆಲ್ಲ ಸುತ್ತಿಸಿಕೊಂಡು ಹೋಗುತ್ತಾರೆ. ಹಾಗಂತ ಕೇಳಿದವರಿಗೆಲ್ಲ ಸಾಲ ಕೊಡುವುದಿಲ್ಲ. ಅದು ಆಳುಗಳ ಬಟವಾಡೆಗೇ ಕಲ್ಲು ಹಾಕುತ್ತದೆ.

ಗುಣ ಬಂದಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಒಳ್ಳೆಯ ಕೆಲಸವನ್ನು ಖುಷಿಯಿಂದ ಮಾಡುತ್ತೀಯೋ, ಕಷ್ಟಪಟ್ಟು ಮಾಡುತ್ತೀಯೋ ನೋಡಿಕೋ ಅನ್ನುವುದು ಅರಿಸ್ಟಾಟಲ್ ಉತ್ತರ. ಮೊದಲಲ್ಲಿ ವ್ಯಾಪಾರಿಗಳು ಬಂದು, "ಅಣ್ಣ, ಒಂದ್ ಚೂರು ಹೈಡ್ರೋಸ್ ಹಾಕ್ಬುಡಿ, ಬಣ್ಣ ಚೆನ್ನಾಗ್ ಬತ್ತದೆ, ರೇಟೂ ಬತ್ತದೆ" ಅಂದಾಗ ನನ್ನ ಹೊಟ್ಟೆಯೊಳಗೆ ಸಂಕಟ ಆಗುತ್ತಿತ್ತು. ಇಲ್ಲ ಅನ್ನುತ್ತಿದ್ದೆ, ಆದರೆ ಮನಸ್ಸು ಲೆಕ್ಕ ಹಾಕುತ್ತಿತ್ತು. ಬರುಬರುತ್ತಾ ಆ ಲೆಕ್ಕ ನಿಂತಿತು. ಈಗ ಕಂದು ಬೆಲ್ಲದ ಅಚ್ಚು ಬಿಡಿಸಿದಾಗ ಬರುವ ಪರಿಮಳವೇ ನನಗೆ ಸಂತೋಷ. ಹಳದಿ ಬೆಲ್ಲ ನೋಡಿದರೆ ಆಸೆ ಹುಟ್ಟುವುದಿಲ್ಲ. ಆಸೆ ಅದುಮಿಕೊಂಡು ಒಳ್ಳೆಯವನಾಗಿರುವುದು ಅರ್ಧ ದಾರಿ. ಅಲ್ಲೇ ನಿಂತವರು ಸುಸ್ತಾಗಿ ಬಿಟ್ಟುಬಿಡುವುದನ್ನು ನೋಡಿದ್ದೇನೆ. ಇನ್ನೂ ಸ್ವಲ್ಪ ಕಾಲ ಮಾಡಿದ್ದರೆ ಭಾರ ಇಳಿಯುತ್ತಿತ್ತು.

ಒಳ್ಳೆಯ ಗುಣ ಒಂದಿದ್ದರೆ ಸಾಕು, ಬಾಳು ಹಸನಾಗಲು ಬೇರೇನೂ ಬೇಡ ಅಂದವರು ಗ್ರೀಸಿನದೇ ಇನ್ನೊಂದು ಪಂಥದ ತತ್ವಜ್ಞಾನಿಗಳಾದ ಸ್ಟೋಯಿಕರು. ಅರಿಸ್ಟಾಟಲ್ ಹಾಗನ್ನಲಿಲ್ಲ. ಗುಣದ ಜೊತೆ ಸ್ವಲ್ಪ ಅನುಕೂಲ, ಆರೋಗ್ಯ, ಸ್ನೇಹಿತರು ಬೇಕು ಅಂದ. ಈ ವಿಷಯದಲ್ಲಿ ನಾನು ಪೂರ್ತಿ ಅರಿಸ್ಟಾಟಲ್ ಕಡೆ. ಒಂದು ಟನ್ ಕಬ್ಬಿಗೆ ಸುಮಾರು 100 ಕೆ.ಜಿ. ಬೆಲ್ಲ ಬರುತ್ತದೆ. ಬೆಲೆ ಬಿದ್ದ ವರ್ಷ ಅದರಲ್ಲಿ ಕಬ್ಬಿನ ದುಡ್ಡು, ಕೂಲಿ ಕಳೆದರೆ ಕೈಗೆ ಏನೂ ಉಳಿಯುವುದಿಲ್ಲ. ಅಂಥ ವರ್ಷ ಮೈ ತುಂಬ ಸಾಲ ಇದ್ದವನ ಕೈ ಹೈಡ್ರೋಸ್ ಡಬ್ಬದ ಕಡೆ ಹೋದರೆ ನಾನು ಅವನನ್ನು ಕೆಟ್ಟವನು ಅನ್ನಲಾರೆ. ಅದಕ್ಕೇ ಸಾಲ ಕಮ್ಮಿ ಇಟ್ಟುಕೊಳ್ಳುವುದನ್ನೂ ನಾನು ಒಳ್ಳೆಯತನದ ಲೆಕ್ಕಕ್ಕೇ ಸೇರಿಸುತ್ತೇನೆ. ದೊಡ್ಡ ಗಾಣ ಹಾಕಿಸಲಿಲ್ಲ. ಸ್ವಲ್ಪ ಬೆಲ್ಲವನ್ನು ಪುಡಿ ಮಾಡಿ ಮೈಸೂರಿನ ಮನೆಗಳಿಗೆ ನೇರವಾಗಿ ಕೊಡುತ್ತೇನೆ. ಪ್ರಾಮಾಣಿಕವಾಗಿರಲು ನಮ್ಮ ಸುತ್ತ ಸ್ವಲ್ಪ ಜಾಗ ಬೇಕು. ಆ ಜಾಗವನ್ನು ಮೊದಲೇ ಮಾಡಿಟ್ಟುಕೊಳ್ಳಬೇಕು.

ಸ್ನೇಹಿತರ ಮಾತಿಗೆ ಬಂದರೆ, ಪಕ್ಕದ ಊರಿನಲ್ಲಿ ಆಲೆಮನೆ ಇಟ್ಟಿರುವ ಗೆಳೆಯನೊಬ್ಬ ಇದ್ದಾನೆ. ಅವನ ಬೆಲ್ಲ ನಾನು, ನನ್ನ ಬೆಲ್ಲ ಅವನು ಚೀಪಿ ನೋಡಿ ಇದ್ದದ್ದು ಇದ್ದ ಹಾಗೆ ಹೇಳುತ್ತೇವೆ. ಮಾತು ಬೆಲ್ಲಕ್ಕೇ ನಿಲ್ಲುವುದಿಲ್ಲ. ಪಾಕ ಹದಕ್ಕೆ ಬರುವ ಹೊತ್ತಿಗೆ ನನ್ನ ಗಂಟಲು ಏರುತ್ತದೆ, ಹುಡುಗರು ಬೆದರುತ್ತಾರೆ ಅಂತ ಈಚೆಗೆ ಹೇಳಿದ. ಪಾಕ 115 ಡಿಗ್ರಿ ದಾಟುತ್ತಿದ್ದಂತೆ ಇಳಿಸಬೇಕು, ಚೂರು ತಡವಾದರೂ ಸೀದುಹೋಗುತ್ತದೆ. ಆಗ ಕೂಗದೆ ಇರುವುದೇ ಈ ಸಲ ನಾನು ಹಿಡಿದುಕೊಂಡಿರುವ ಅಭ್ಯಾಸ. ಇಲ್ಲೂ ಕೈಗೆ ಬೇರೆ ಕೆಲಸ ಕೊಟ್ಟಿದ್ದೇನೆ. ಪಾಕದ ತೊಟ್ಟು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿದರೆ ಆ ಉಂಡೆಯನ್ನೇ ಮೇಲೆತ್ತಿ ತೋರಿಸುತ್ತೇನೆ. ಅದು ಕಂಡ ತಕ್ಷಣ ಕೊಪ್ಪರಿಗೆ ಇಳಿಸಬೇಕು ಅಂತ ಮಾತಾಗಿದೆ. ಉತ್ತರ ಪ್ರದೇಶದಿಂದ ದುಡಿಯಲು ಬಂದ ಹುಡುಗರಿಗೆ ನನ್ನ ಕನ್ನಡದ ಕೂಗಿಗಿಂತ ಅದೇ ಬೇಗ ತಿಳಿಯುತ್ತದೆ.