ಉದ್ಯಮಕ್ಕಾಗಿ ಕಾಲೇಜು ಬಿಟ್ಟವರು ಮತ್ತೆ ಓದಲು ಹೊರಡುವಾಗ

ಉದ್ಯಮ ಕಟ್ಟಲು ಕಾಲೇಜು ಬಿಟ್ಟವರ ಮಾತು ಬಂದರೆ ಬಿಲ್ ಗೇಟ್ಸ್ ಮತ್ತು ಮಾರ್ಕ್ ಜುಕರ್‌ಬರ್ಗ್ ಅವರ ಹೆಸರು ಮೊದಲು ಕೇಳಿಬರುತ್ತದೆ. ಇಬ್ಬರೂ ಬಿಟ್ಟುಬಂದ ಹಾರ್ವರ್ಡ್ ವಿಶ್ವವಿದ್ಯಾಲಯ 2007ರಲ್ಲಿ ಗೇಟ್ಸ್ ಅವರಿಗೆ, 2017ರಲ್ಲಿ ಜುಕರ್‌ಬರ್ಗ್ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತೇ ಹೊರತು ಅವರು ತರಗತಿಗೆ ಮರಳಲಿಲ್ಲ. ಮರಳುವ ಯೋಚನೆಯಲ್ಲಿರುವವರು ನೋಡಬೇಕಾದದ್ದು ಸ್ನ್ಯಾಪ್‌ಚಾಟ್‌ನ ಇವಾನ್ ಸ್ಪೀಗೆಲ್ ಅವರನ್ನು. 2012ರಲ್ಲಿ, ಪದವಿ ಇನ್ನೇನು ಮುಗಿಯಿತು ಎನ್ನುವಾಗ ಸ್ಟ್ಯಾನ್‌ಫರ್ಡ್ ಬಿಟ್ಟ ಅವರು, ಕಂಪನಿ ಷೇರುಪೇಟೆಗೆ ಬಂದ ಮರುವರ್ಷ, ಅಂದರೆ 2018ರಲ್ಲಿ, ಬಾಕಿ ಉಳಿದಿದ್ದನ್ನು ಪೂರೈಸಿದರು. ಹೊಟ್ಟೆಪಾಡಿಗೆ ಅವರಿಗೆ ಆ ಪದವಿ ಬೇಕಿರಲಿಲ್ಲ.

ನಿಮಗೆ ಬೇಕೇ ಎಂಬುದನ್ನು ಮೊದಲು ಇತ್ಯರ್ಥ ಮಾಡಿಕೊಳ್ಳಿ. ಕಂಪನಿ ನೋಂದಣಿಗಾಗಲಿ ಜಿಎಸ್‌ಟಿಗಾಗಲಿ ಯಾರೂ ಪದವಿ ಕೇಳುವುದಿಲ್ಲ; ಹತ್ತನೇ ತರಗತಿಯ ನಂತರ ಶಾಲೆ ಬಿಟ್ಟ ನಿಖಿಲ್ ಕಾಮತ್ ಬೆಂಗಳೂರಿನಲ್ಲೇ ಅಣ್ಣನೊಡನೆ ಷೇರು ದಲ್ಲಾಳಿ ಸಂಸ್ಥೆ ಜೆರೋಧಾ ಕಟ್ಟಿದರು. ಆದರೆ ಮುಂದೊಂದು ದಿನ ಎಂಬಿಎ, ಮೂರು ವರ್ಷದ ಕಾನೂನು ಪದವಿ, ಬ್ಯಾಂಕ್ ಅಧಿಕಾರಿಯ ಹುದ್ದೆ ಅಥವಾ ಕೆಪಿಎಸ್‌ಸಿಯ ಗೆಜೆಟೆಡ್ ಹುದ್ದೆ ಬೇಕೆನಿಸಿದರೆ, ವ್ಯಾಪಾರದಲ್ಲಿ ಎಷ್ಟೇ ಪಳಗಿದ್ದರೂ ಪದವಿಯಿಲ್ಲದೆ ಅರ್ಜಿಯನ್ನೇ ಹಾಕಲಾಗದು. ಲೆಕ್ಕಪತ್ರ ಅರ್ಥವಾಗುತ್ತಿಲ್ಲ ಎಂಬ ಒಂದೇ ಕಾರಣಕ್ಕೆ ಬಿಕಾಂ ಸೇರುವುದು ಮಾತ್ರ, ನನ್ನ ದೃಷ್ಟಿಯಲ್ಲಿ, ದುಬಾರಿ ದಾರಿ. ಅದಕ್ಕೆ ಲೆಕ್ಕ ಬರೆಯುವ ತಂತ್ರಾಂಶವಾದ ಟ್ಯಾಲಿಯ ಕೆಲವು ತಿಂಗಳ ತರಗತಿ ಮತ್ತು ಒಬ್ಬ ಒಳ್ಳೆಯ ಆಡಿಟರ್ ಸಾಕು.

ಬೇಕೆಂದು ನಿಶ್ಚಯವಾದ ಮೇಲೆ ಹಳೆಯ ಅಂಕಪಟ್ಟಿಗಳನ್ನೆಲ್ಲ ಹೊರತೆಗೆಯಿರಿ. ಕೋರ್ಸ್ ಮುಗಿಸಲು ಪ್ರತಿ ವಿಶ್ವವಿದ್ಯಾಲಯವೂ ಗರಿಷ್ಠ ಅವಧಿಯೊಂದನ್ನು ನಿಗದಿಪಡಿಸಿರುತ್ತದೆ. ಅದು ಮೀರಿಲ್ಲದಿದ್ದರೆ ಹಳೆಯ ಕಾಲೇಜಿನಲ್ಲೇ ಮರುಪ್ರವೇಶ ಕೇಳುವುದು ಎಲ್ಲಕ್ಕಿಂತ ಸುಲಭ. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2021ರಲ್ಲಿ ಆರಂಭಿಸಿದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಎಂಬ ಆನ್‌ಲೈನ್ ಖಾತೆಯಲ್ಲಿ ನಿಮ್ಮ ಕ್ರೆಡಿಟ್‌ಗಳು, ಅಂದರೆ ಪಾಸಾದ ವಿಷಯಗಳಿಗೆ ಸಿಗುವ ಅಂಶಗಳು, ಜಮೆಯಾಗಿದ್ದರೆ ಅವನ್ನು ಬೇರೆ ಸಂಸ್ಥೆಗೂ ಒಯ್ಯಬಹುದು, ಆದರೆ ಗರಿಷ್ಠ 7 ವರ್ಷದೊಳಗೆ, ಅದೂ ಸೇರುವ ಸಂಸ್ಥೆಯ ನಿಯಮ ಒಪ್ಪಿದರೆ. ಈಗಷ್ಟೇ ಕಾಲೇಜು ಬಿಡಲು ಹೊರಟವರು ಇದೇ ಕಾರಣಕ್ಕೆ ನಡು ಸೆಮಿಸ್ಟರ್‌ನಲ್ಲಿ ಎದ್ದು ಬರದೆ, ಆ ಪರೀಕ್ಷೆ ಬರೆದು ಹೊರಡುವುದು ಮೇಲು. ಅರ್ಧಕ್ಕೆ ಬಿಟ್ಟ ಸೆಮಿಸ್ಟರಿಗೆ ಕ್ರೆಡಿಟ್ ಹುಟ್ಟುವುದಿಲ್ಲ.

ಅಂಗಡಿಯನ್ನೋ ಕಾರ್ಖಾನೆಯನ್ನೋ ಬಿಟ್ಟಿರಲಾಗದವರಿಗೆ ದೂರಶಿಕ್ಷಣವೇ ಗತಿ. ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ (ಇಗ್ನೋ) ಮತ್ತು ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ನಮಗೆ ಸುಲಭವಾಗಿ ಸಿಗುವವು. ಹಣ ಕಟ್ಟುವ ಮುನ್ನ ಆ ವರ್ಷಕ್ಕೆ, ಆ ಕೋರ್ಸಿಗೆ ಮಾನ್ಯತೆ ಇದೆಯೇ ಎಂದು ಯುಜಿಸಿಯ ದೂರಶಿಕ್ಷಣ ವಿಭಾಗದ ಪಟ್ಟಿಯಲ್ಲಿ ನೋಡಲೇಬೇಕು. ಇದು ಅತಿ ಎಚ್ಚರಿಕೆಯೇನೂ ಅಲ್ಲ. ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯವೇ 2015ರಲ್ಲಿ ಮಾನ್ಯತೆ ಕಳೆದುಕೊಂಡು 2018ರಲ್ಲಿ ಮರಳಿ ಪಡೆಯಿತು, ನಡುವೆ ಸಿಲುಕಿದ ವಿದ್ಯಾರ್ಥಿಗಳ ಪಾಡು ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಎಂಜಿನಿಯರಿಂಗ್ ಪದವಿಯನ್ನು ದೂರಶಿಕ್ಷಣದಲ್ಲಿ ಕೊಡುತ್ತೇವೆ ಎನ್ನುವವರನ್ನಂತೂ ನಂಬಬೇಡಿ, ಯುಜಿಸಿ ಅದಕ್ಕೆ ಅವಕಾಶವನ್ನೇ ಕೊಟ್ಟಿಲ್ಲ. ತಂತ್ರಾಂಶದ ಕಡೆ ಒಲವಿದ್ದರೆ ಐಐಟಿ ಮದ್ರಾಸ್ 2020ರಲ್ಲಿ ಘೋಷಿಸಿದ ಡೇಟಾ ಸೈನ್ಸ್ ಪದವಿ ಇದೆ: ಪಾಠ ಆನ್‌ಲೈನ್, ಪರೀಕ್ಷೆ ಕೇಂದ್ರಕ್ಕೇ ಹೋಗಿ ಬರೆಯಬೇಕು, ಜೆಇಇ ಕಡ್ಡಾಯವಲ್ಲ, ನಡುವೆ ಸರ್ಟಿಫಿಕೇಟ್ ಅಥವಾ ಡಿಪ್ಲೊಮಾ ಪಡೆದು ನಿಲ್ಲಿಸಲೂಬಹುದು. ಪಿಯುಸಿಯನ್ನೇ ಮುಗಿಸದವರು ಮೊದಲು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ (ಎನ್‌ಐಒಎಸ್) ಮೂಲಕ ಹನ್ನೆರಡನೆಯದನ್ನು ದಾಟಬೇಕು.

ಸೇರುವ ಮುನ್ನ ವಹಿವಾಟಿನ ಭರಾಟೆಯ ತಿಂಗಳುಗಳನ್ನೂ ಪರೀಕ್ಷೆಯ ತಿಂಗಳುಗಳನ್ನೂ ಪಕ್ಕಪಕ್ಕ ಇಟ್ಟು ನೋಡಿ. ಇಗ್ನೋ ಪರೀಕ್ಷೆಗಳು ಸಾಮಾನ್ಯವಾಗಿ ಜೂನ್ ಮತ್ತು ಡಿಸೆಂಬರ್‌ನಲ್ಲಿ ನಡೆಯುವುದರಿಂದ, ಮೇ ತಿಂಗಳ ಮದುವೆಗಳನ್ನೇ ನಂಬಿದ ಅಡುಗೆ ಗುತ್ತಿಗೆದಾರರಿಗೆ ಜೂನ್‌ಗೆ ಓದಿಕೊಳ್ಳಲು ಬಿಡುವೇ ಸಿಗುವುದಿಲ್ಲ. ಅಂಥವರು ಹೆಚ್ಚಿನ ವಿಷಯಗಳನ್ನು ಡಿಸೆಂಬರ್‌ಗೆ ಇಟ್ಟುಕೊಂಡು ಜೂನ್‌ನಲ್ಲಿ ಒಂದೋ ಎರಡೋ ಬರೆದರೂ ಆಗುತ್ತದೆ. ಮೂರು ವರ್ಷದ ಬಿಕಾಂ ಮುಗಿಸಲು ಅಲ್ಲಿ 6 ವರ್ಷದವರೆಗೆ ಕಾಲಾವಕಾಶವಿದೆ.