ಕೋಶಕೇಂದ್ರದ ಪದಗಳನ್ನು ಉರುಹೊಡೆಯದೆ ಕಲಿಸುವುದು ಹೇಗೆ

ಬಹಳ ವರ್ಷ ನಾನು ಈ ಪಾಠವನ್ನು ವ್ಯಾಖ್ಯೆಗಳಿಂದಲೇ ಶುರು ಮಾಡುತ್ತಿದ್ದೆ. ಬೋರ್ಡಿನ ಮೇಲೆ ಹತ್ತು ಪದ, ಪಕ್ಕದಲ್ಲಿ ಹತ್ತು ಅರ್ಥ. ಒಮ್ಮೆ ಉತ್ತರಪತ್ರಿಕೆ ತಿದ್ದುವಾಗ ಒಬ್ಬ ಹುಡುಗಿಯ ಸಾಲು ಕಣ್ಣಿಗೆ ಬಿತ್ತು: ‘ವರ್ಣತಂತುಗಳು ಚರ್ಮಕ್ಕೆ ಬಣ್ಣ ಕೊಡುತ್ತವೆ.’ ತಪ್ಪು ಅವಳದಲ್ಲ. ವರ್ಣ ಎಂದರೆ ಬಣ್ಣ ಎಂದು ಅವಳಿಗೆ ಗೊತ್ತಿತ್ತು. ಅದು ಯಾವ ಬಣ್ಣ, ಎಲ್ಲಿಂದ ಬಂತು ಎಂದು ನಾನು ಹೇಳಿರಲಿಲ್ಲ. ಅಂದಿನಿಂದ ನನ್ನ ತರಗತಿಯಲ್ಲಿ ಮೊದಲು ನೋಡುವುದು, ಆಮೇಲೆ ಹೆಸರಿಡುವುದು.

ಹತ್ತಿಕಡ್ಡಿಯಿಂದ ಕೆನ್ನೆಯ ಒಳಬದಿಯನ್ನು ಮೆಲ್ಲಗೆ ಉಜ್ಜಿ ಸ್ಲೈಡಿನ ಮೇಲೆ ತೆಳ್ಳಗೆ ಸವರಿ. ಆರಿದ ಮೇಲೆ ಮೆಥಿಲೀನ್ ಬ್ಲೂ ಒಂದೇ ಹನಿ ಹಾಕಿ, ಒಂದೆರಡು ನಿಮಿಷ ಬಿಡಿ. ಕವರ್‌ಸ್ಲಿಪ್ಪನ್ನು ಓರೆಯಾಗಿ ಇಳಿಸಿ. ನೇರವಾಗಿ ಇಟ್ಟರೆ ಗಾಳಿಗುಳ್ಳೆ ಸಿಕ್ಕಿಕೊಳ್ಳುತ್ತದೆ, ಮಕ್ಕಳು ಅದರ ಚಿತ್ರವನ್ನೇ ಬರೆದುಕೊಂಡು ಬರುತ್ತಾರೆ. ಸೂಕ್ಷ್ಮದರ್ಶಕದಲ್ಲಿ ತಿಳಿನೀಲಿ ಕೋಶ, ಅದರೊಳಗೆ ಕಡುನೀಲಿ ಚುಕ್ಕೆ ಕಾಣುತ್ತದೆ. ಈಗ ಕೇಳಿ: ಈ ಬಣ್ಣ ಕೋಶದ್ದೋ, ನಾವು ಹಾಕಿದ್ದೋ? ನಾವು ಹಾಕಿದ್ದು. ಒಳಗಿನ ವಸ್ತು ಅದನ್ನು ಚೆನ್ನಾಗಿ ಹೀರಿಕೊಂಡಿದೆ, ಅಷ್ಟೇ. ಬಣ್ಣ ಹಿಡಿಯುವ ಆ ವಸ್ತುವಿಗೆ ಜರ್ಮನ್ ವಿಜ್ಞಾನಿ ವಾಲ್ಥರ್ ಫ್ಲೆಮಿಂಗ್ ಕ್ರೊಮ್ಯಾಟಿನ್ ಎಂದು ಹೆಸರಿಟ್ಟರು. ಕೋಶ ವಿಭಜನೆಯಾಗುವಾಗ ಅದರಿಂದಾಗುವ ಎಳೆಗಳನ್ನು 1888ರಲ್ಲಿ ಇನ್ನೊಬ್ಬ ಜರ್ಮನ್ ವಿಜ್ಞಾನಿ ವಾಲ್ಡೆಯರ್ ಕ್ರೋಮೋಸೋಮ್ ಎಂದರು: ಗ್ರೀಕಿನಲ್ಲಿ ಕ್ರೋಮಾ ಬಣ್ಣ, ಸೋಮಾ ಕಾಯ. ಕನ್ನಡದಲ್ಲಿ ನಮ್ಮವರು ಕಾಯ ಎನ್ನದೆ ತಂತು ಎಂದರು, ಹಾಗಾಗಿ ವರ್ಣತಂತು. ನನಗೆ ಇದೇ ಹೆಚ್ಚು ಹಿಡಿಸುತ್ತದೆ, ಏಕೆಂದರೆ ಆಗ ಕಾಣುವುದು ಎಳೆಗಳೇ. ಆ ವಿಭಜನೆಗಿರುವ ಮೈಟೋಸಿಸ್ ಎಂಬ ಹೆಸರೂ ಗ್ರೀಕಿನ ಎಳೆ, ಮಿಟೋಸ್, ಎಂಬುದರಿಂದಲೇ ಬಂದದ್ದು.

ಆ ಕಡುನೀಲಿ ಚುಕ್ಕೆಯ ಹೆಸರಾದ ಕೋಶಕೇಂದ್ರ ಎಂಬ ಪದದ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಕೇಳಿದ ಕೂಡಲೇ ಮಕ್ಕಳು ಅದನ್ನು ನಟ್ಟನಡುವೆ ಬರೆಯುತ್ತಾರೆ. ಬೆಳೆದ ಸಸ್ಯಕೋಶದಲ್ಲಿ ದೊಡ್ಡ ರಸದಾನಿ ಅದನ್ನು ಗೋಡೆಯ ಕಡೆಗೆ ತಳ್ಳಿರುತ್ತದೆ. 1831ರಲ್ಲಿ ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್ ಆರ್ಕಿಡ್ ಗಿಡದ ಕೋಶಗಳಲ್ಲಿ ಅದನ್ನು ಕಂಡು ನ್ಯೂಕ್ಲಿಯಸ್ ಎಂದದ್ದು ಲ್ಯಾಟಿನ್ನಿನ ಕಾಯಿಯೊಳಗಿನ ತಿರುಳು ಎಂಬ ಅರ್ಥದ ಪದದಿಂದ. ಹಾಗಾಗಿ ಪರೀಕ್ಷೆಯಲ್ಲಿ ಕೋಶಕೇಂದ್ರ ಎಂದೇ ಬರೆಸಿ, ಮನಸ್ಸಿನಲ್ಲಿ ತಿರುಳು ಎಂದುಕೊಳ್ಳಲು ಹೇಳಿ. ಗ್ರೀಕಿನ ಕ್ಯಾರಿಯಾನ್‌ಗೂ ಗಟ್ಟಿಕಾಯಿ, ತಿರುಳು ಎಂದೇ ಅರ್ಥ. ಇದೊಂದು ಗೊತ್ತಾದರೆ ಎಷ್ಟೋ ಪದ ತಾವಾಗಿಯೇ ಬಿಚ್ಚಿಕೊಳ್ಳುತ್ತವೆ: ಯೂಕ್ಯಾರಿಯೋಟ್ ಎಂದರೆ ನಿಜವಾದ ತಿರುಳುಳ್ಳದ್ದು, ಪ್ರೊಕ್ಯಾರಿಯೋಟ್ ತಿರುಳು ಬರುವುದಕ್ಕೂ ಮುಂಚಿನದು.

ಮಕ್ಕಳು ಹೆಚ್ಚು ಎಡವುವುದು ನ್ಯೂಕ್ಲಿಯೋಲಸ್, ನ್ಯೂಕ್ಲಿಯಾಯ್ಡ್, ನ್ಯೂಕ್ಲಿಯೋಸೋಮ್ ಎಂಬ ಮೂರರಲ್ಲಿ. ತಲೆ ಒಂದೇ, ಬಾಲ ನೋಡಲು ಕಲಿಸಿ. ಓಲಸ್ ಎಂದರೆ ಪುಟ್ಟದು: ತಿರುಳೊಳಗಿನ ಪುಟ್ಟ ತಿರುಳು, ಪ್ರೋಟೀನು ತಯಾರಿಸುವ ರೈಬೋಸೋಮ್‌ನ ಭಾಗಗಳು ತಯಾರಾಗುವ ಜಾಗ. ಈರುಳ್ಳಿಯ ಒಳಪೊರೆಗೆ ಅಯೋಡಿನ್ ಹಾಕಿ, ಬೆಳಕು ತುಸು ತಗ್ಗಿಸಿ ನೋಡಿದರೆ ಕೋಶಕೇಂದ್ರದೊಳಗೆ ಒಂದೆರಡು ಚುಕ್ಕೆ ಕಾಣುತ್ತವಲ್ಲ, ಅವೇ. ಆಯ್ಡ್ ಎಂದರೆ ‘ಅದರ ಹಾಗೆ’: ಬ್ಯಾಕ್ಟೀರಿಯಾದಲ್ಲಿ ಡಿಎನ್ಎ ಗುಂಪಾಗಿರುವ ಜಾಗ, ಸುತ್ತ ಪೊರೆಯಿಲ್ಲ. ಸೋಮ್ ಮತ್ತೆ ಅದೇ ಕಾಯ: ಹಿಸ್ಟೋನ್ ಎಂಬ ಎಂಟು ಪ್ರೋಟೀನುಗಳ ಉಂಡೆಗೆ ಸುಮಾರು 147 ಜೋಡಿ ಪ್ರತ್ಯಾಮ್ಲಗಳಷ್ಟು (ಡಿಎನ್ಎ ಏಣಿಯ 147 ಮೆಟ್ಟಿಲಿನಷ್ಟು) ಡಿಎನ್ಎ ಸುತ್ತಿಕೊಂಡದ್ದು. ಇದು ಬೆಳಕಿನ ಸೂಕ್ಷ್ಮದರ್ಶಕಕ್ಕೆ ಸಿಗದು. ನೂಲನ್ನು ಮಣಿಗಳಿಗೆ ಸುತ್ತಿ ತೋರಿಸಿ.

ಕೋಶಕೇಂದ್ರದ ಪೊರೆಗೆ ಹೆಚ್ಚು ಹೊತ್ತು ಬೇಡ. ಎರಡು ಪದರ, ನಡುನಡುವೆ ರಂಧ್ರ, ಆ ರಂಧ್ರಗಳಿಂದ ಆರ್‌ಎನ್‌ಎ ಹೊರಗೆ, ಪ್ರೋಟೀನು ಒಳಗೆ ಎಂದರೆ ಸಾಕು.

ಕೊನೆಗೆ ಪಾಠದಲ್ಲಿಲ್ಲದ ಒಂದು ಪದ ಕೊಡಿ. ನಾನು ಕೊಡುವುದು ಕ್ಯಾರಿಯೋಪ್ಲಾಸಂ. ಸೈಟೋಪ್ಲಾಸಂ, ಅಂದರೆ ಕೋಶರಸ, ಅವರಿಗೆ ಆಗಲೇ ಗೊತ್ತಿರುತ್ತದೆ. ಪುಸ್ತಕ ತೆರೆಯದೆ ಯಾರಾದರೂ ‘ತಿರುಳಿನೊಳಗಿನ ರಸ’ ಎಂದರೆ ಮುಂದಿನ ಪಾಠಕ್ಕೆ ಹೋಗಿ. ಯಾರೂ ಹೇಳದಿದ್ದರೆ ಮರುದಿನ ಮತ್ತೆ ಸ್ಲೈಡ್ ತೆಗೆಯಿರಿ.