ಮಲೆನಾಡಿನಿಂದ ಬಂದವರಿಗೆ: ಒಣ ಬೇಸಿಗೆಯಲ್ಲಿ ಅಲಾಟ್‌ಮೆಂಟ್ ತರಕಾರಿ

ತೀರ್ಥಹಳ್ಳಿ, ಸಾಗರ, ಹೊಸನಗರ ಕಡೆಯಿಂದ ಇಂಗ್ಲೆಂಡಿಗೆ ಬಂದು ಅಲಾಟ್‌ಮೆಂಟ್, ಅಂದರೆ ತರಕಾರಿ ಬೆಳೆಯಲು ಬಾಡಿಗೆಗೆ ಸಿಗುವ ತುಂಡು ಜಾಗ, ಹಿಡಿದವರು ಮೊದಲ ವರ್ಷ ಊರಿನ ಹಿತ್ತಲಿನ ಹಾಗೇ ಏರುಮಡಿ ಕಟ್ಟುತ್ತಾರೆ. ಪೂರ್ವ ಇಂಗ್ಲೆಂಡಿನ ಕೇಂಬ್ರಿಡ್ಜಿನಲ್ಲಿ ನಾನೂ ಅದನ್ನೇ ಮಾಡಿದೆ. ಮೊಣಕಾಲೆತ್ತರದ ಮಡಿ, ನಡುನಡುವೆ ಕಾಲುವೆ. ಜೂನ್ ಕೊನೆಗೆ ಮಡಿಯ ಅಂಚು ಬಿರುಕು ಬಿಟ್ಟಿತು, ಬೀನ್ಸಿನ ಹೂವೆಲ್ಲ ಉದುರಿಹೋಯಿತು.

ನಮ್ಮ ಕೈಗೆ ಅಭ್ಯಾಸವಾಗಿರುವುದು ನೀರು ಬಸಿಯುವುದು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಜಾಸ್ತಿ ಮಳೆ. ಅಲ್ಲಿ ಕಾಲುವೆ ತೆಗೆಯದಿದ್ದರೆ ಬೇರು ಕೊಳೆಯುತ್ತದೆ. ಕೇಂಬ್ರಿಡ್ಜ್ ಕಡೆ ಇಡೀ ವರ್ಷ ಸೇರಿಸಿದರೂ 600 ಮಿ.ಮೀ. ದಾಟುವುದು ಕಷ್ಟ. ಇಂಗ್ಲೆಂಡ್ ಅಂದರೆ ಸದಾ ಜಿಟಿಜಿಟಿ ಮಳೆ ಅಂತ ಊರಲ್ಲಿ ಕೇಳಿಯೇ ಬಂದಿರುತ್ತೇವೆ, ಅಲ್ವಾ? ಪಶ್ಚಿಮದ ಗುಡ್ಡಗಾಡಿಗೆ ಅದು ಸರಿ, ಪೂರ್ವಕ್ಕೆ ಅಲ್ಲ. 2022ರ ಜುಲೈ 19ರಂದು ಪೂರ್ವದ್ದೇ ಆದ ಲಿಂಕನ್‌ಶೈರಿನಲ್ಲಿ 40.3 ಡಿಗ್ರಿ ಬಿಸಿಲು ದಾಖಲಾಯಿತು. ಹಾಗಾಗಿ ಈ ಕಡೆ ಇರುವವರು ಮಡಿಯನ್ನು ನೆಲದ ಮಟ್ಟಕ್ಕೇ ಇಟ್ಟುಕೊಳ್ಳಿ.

ಮರುವರ್ಷ ಏಪ್ರಿಲ್‌ನಲ್ಲಿ ಊರಿಗೆ ಹೋದಾಗ ಅಮ್ಮನಿಗೆ ಇದನ್ನೆಲ್ಲ ಹೇಳಿದೆ. ಅವಳು ನನ್ನನ್ನು ತೋಟಕ್ಕೆ ಕರೆದುಕೊಂಡು ಹೋಗಿ ಒಂದು ಅಡಿಕೆ ಮರದ ಬುಡದಲ್ಲಿ ಕೂತಳು. ಕೈಯಿಂದ ದರಗು ಸರಿಸಿದಳು. ಮೇಲಿನ ಎಲೆ ಚರಚರ ಅನ್ನುತ್ತಿತ್ತು. ಅದರಡಿಯ ಎಲೆ ಕಪ್ಪಾಗಿ ಒಂದಕ್ಕೊಂದು ಅಂಟಿಕೊಂಡಿತ್ತು. ಅದಕ್ಕೂ ಕೆಳಗೆ ಮಣ್ಣು ಹಿಡಿದರೆ ಉಂಡೆಯಾಗುವಷ್ಟು ತಂಪು. ಒಂದು ಎರೆಹುಳ ಬೆಳಕಿಗೆ ಹೆದರಿ ಒಳಗೆ ಸರಿಯಿತು. "ನೀರು ಹೊಯ್ಯೋದು ಆಮೇಲೆ. ಮೊದಲು ನೆಲಕ್ಕೆ ಹೊದಿಸು" ಅಂದಳು.

ಸೊಪ್ಪಿನ ಬೆಟ್ಟದಿಂದ ಸೊಪ್ಪು, ದರಗು ತಂದು ತೋಟಕ್ಕೆ ಹಾಕುವುದನ್ನು ಚಿಕ್ಕಂದಿನಿಂದ ನೋಡಿದವರು ನಾವು. ಆ ಬುದ್ಧಿ ಇಲ್ಲಿಗೂ ಬೇಕು. ಅಕ್ಟೋಬರ್, ನವೆಂಬರ್‌ನಲ್ಲಿ ಬಿದ್ದ ಎಲೆ ಗುಡ್ಡೆ ಹಾಕಿ ಕೊಳೆಯಲು ಬಿಡಿ. ಒಂದೆರಡು ವರ್ಷಕ್ಕೆ ಒಳ್ಳೆಯ ಹೊದಿಕೆ ಸಿಗುತ್ತದೆ. ಅಲ್ಲಿಯವರೆಗೆ ಒಣಹುಲ್ಲು, ಕಾಂಪೋಸ್ಟ್, ಚೆನ್ನಾಗಿ ಕಳಿತ ಕುದುರೆ ಲದ್ದಿ ಯಾವುದಾದರೂ ಆದೀತು. ಒಣ ನೆಲದ ಮೇಲೆ ಮಾತ್ರ ಹೊದಿಸಬೇಡಿ, ಆಮೇಲೆ ಬಂದ ಸಣ್ಣ ಮಳೆ ಕೆಳಗೆ ಇಳಿಯುವುದೇ ಇಲ್ಲ. ಮೊದಲು ನೆನೆಸಿ, ಆಮೇಲೆ ಹೊದಿಸಿ. ಎಳೆ ಸಸಿಗಳ ಹತ್ತಿರ ಬೇಗ ಹೊದಿಸಿದರೂ ತೊಂದರೆಯೇ. ತಂಪಿನಲ್ಲಿ ಸ್ಲಗ್, ಅಂದರೆ ಚಿಪ್ಪಿಲ್ಲದ ಬಸವನಹುಳು, ಅಡಿಯಲ್ಲಿ ಸೇರಿಕೊಂಡು ಸಸಿ ತಿಂದುಬಿಡುತ್ತದೆ. ನಾನು ಮೇ ಕೊನೆಯವರೆಗೆ ಕಾಯುತ್ತೇನೆ.

ದಿನಾ ಸಂಜೆ ಸುಮ್ನೆ ಚಿಮುಕಿಸಿದರೆ ಪ್ರಯೋಜನವಿಲ್ಲ. ಬೇರು ಮೇಲೇ ಉಳಿದುಬಿಡುತ್ತದೆ. 10 ಲೀಟರ್ ಕ್ಯಾನನ್ನು ಒಂದು ಚದರ ಮೀಟರಿಗೆ ಪೂರ್ತಿ ಹೊಯ್ದರೆ 10 ಮಿ.ಮೀ. ಮಳೆ ಬಂದ ಹಾಗೆ. ವಾರಕ್ಕೆ ಒಂದೋ ಎರಡೋ ಸಲ, ಬೆಳಿಗ್ಗೆ ಬೇಗ, ಬುಡಕ್ಕೇ ಹೊಯ್ಯಿರಿ. ಆಮೇಲೆ ಬೆರಳು ಚುಚ್ಚಿ ನೋಡಿ. ಮೇಲೆ ಕೆಸರಿದ್ದು ಅಡಿಯಲ್ಲಿ ಪುಡಿಮಣ್ಣು ಸಿಕ್ಕರೆ ನೀರು ಸಾಲದು.

ಎಲ್ಲದಕ್ಕೂ ಸಮ ಹಂಚುವಷ್ಟು ನೀರು ಇರುವುದಿಲ್ಲ. ಬೀನ್ಸಿಗೆ ಹೂವು ಬಿಟ್ಟಾಗ, ಆಲೂಗಡ್ಡೆಗೆ ಗಡ್ಡೆ ಕಟ್ಟುವಾಗ ಕೊಡಿ. ಟೊಮೆಟೊಗೆ ಒಂದು ವಾರ ಬಿಟ್ಟು ಮತ್ತೊಂದು ವಾರ ಸುರಿದರೆ ಕಾಯಿ ಸೀಳುತ್ತದೆ, ತಳ ಕಪ್ಪಾಗುತ್ತದೆ. ಕೊತ್ತಂಬರಿ ಒಣಗಿದರೆ ಎಲೆ ಕೊಡುವ ಮೊದಲೇ ಹೂವಿಗೆ ಹೋಗುತ್ತದೆ; ಅದನ್ನು ಸ್ವಲ್ಪ ನೆರಳಿರುವ ಕಡೆ ಹಾಕಿ. ನಮ್ಮ ಹರಿವೆ ಮಾತ್ರ ಬಿಸಿಲಿಗೆ ಗೆಲುವಾಗಿ ಬರುತ್ತದೆ. ಇಬ್ಬನಿ ಹೆಪ್ಪುಗಟ್ಟುವ ಚಳಿ ಪೂರ್ತಿ ಹೋದ ಮೇಲೆ, ಜೂನ್‌ನಲ್ಲಿ ಬಿತ್ತಿ. ಬಸಳೆಗೆ ಗಾಜಿನಮನೆ ಬೇಕು.

ಒಣ ನೆಲದಲ್ಲಿ ಬಿತ್ತುವಾಗ ಮೊದಲು ಸಾಲು ಗೀರಿ, ಸಾಲಿನೊಳಗೆ ನೀರು ತುಂಬಿಸಿ. ಇಂಗಿದ ಮೇಲೆ ಬೀಜ ಹಾಕಿ, ಒಣ ಮಣ್ಣು ಮುಚ್ಚಿ. ಮೇಲಿಂದ ನೀರು ಹಾಕಬೇಡಿ, ಹೆಕ್ಕಳಿಕೆ ಕಟ್ಟಿ ಮೊಳಕೆ ಮೇಲೇಳುವುದಿಲ್ಲ. ಬೀಜವನ್ನು ಊರಿಂದ ಸೂಟ್‌ಕೇಸಿನಲ್ಲಿ ತರಬೇಡಿ. ಬಿತ್ತನೆ ಬೀಜಕ್ಕೆ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು. ಮೆಂತ್ಯ, ಕೊತ್ತಂಬರಿಗೆ ಇಲ್ಲಿನ ದಿನಸಿ ಅಂಗಡಿಯ ಕಾಳೇ ಸಾಕು.

ಪೂರ್ತಿ ಪ್ಲಾಟ್ ಅಂದರೆ ಸುಮಾರು 250 ಚದರ ಮೀಟರ್. ಬೇಸಿಗೆಯಲ್ಲಿ ಅಷ್ಟಕ್ಕೂ ಕ್ಯಾನ್ ಹೊತ್ತು ನೀರು ಹಾಕಲು ಒಬ್ಬರಿಂದ ಆಗುವುದಿಲ್ಲ, ಅರ್ಧ ಪ್ಲಾಟ್ ಕೇಳಿ. ನೀರಿನ ಕೊರತೆಯಾಗಿ ಹೋಸ್‌ಪೈಪ್ ನಿಷೇಧ ಬಂದರೆ ಅಲಾಟ್‌ಮೆಂಟಿಗೂ ಅನ್ವಯಿಸುತ್ತದೆ, ದಂಡ 1,000 ಪೌಂಡಿನವರೆಗೆ. ಕ್ಯಾನಿನಲ್ಲಿ ಹೊಯ್ಯಲು ಅಡ್ಡಿಯಿಲ್ಲ. ಷೆಡ್ ಇದ್ದರೆ ಚಳಿಗಾಲದಲ್ಲೇ ಅದರ ಸೂರಿಗೆ ಮಳೆನೀರಿನ ದೋಣಿ ಕಟ್ಟಿ ಡ್ರಮ್ ಇಡಿ. ಡ್ರಮ್ಮಿಗೆ ಗಟ್ಟಿ ಮುಚ್ಚಳ ಇರಲಿ, ಮಕ್ಕಳು ಓಡಾಡುವ ಜಾಗ.